ರೋಗನಿರ್ಣಯ ಚಿತ್ರಣ: ಯಂತ್ರದ ಕಂತು ಮತ್ತು ಚಿತ್ರದ ಗುಣಮಟ್ಟ

ನಿವೇಶನ ಮತ್ತು ಕಟ್ಟಡದ ವೆಚ್ಚವನ್ನು ಬದಿಗಿರಿಸಿದರೆ, ಮಧ್ಯಮ ಗಾತ್ರದ ಆಸ್ಪತ್ರೆಯೊಂದರ ಯೋಜನಾ ವರದಿಯಲ್ಲಿ ಅತಿ ದೊಡ್ಡ ಮೊತ್ತವು ಸಾಮಾನ್ಯವಾಗಿ ಚಿತ್ರಣ ವಿಭಾಗದ್ದೇ ಆಗಿರುತ್ತದೆ. ಕ್ಷ-ಕಿರಣ ಯಂತ್ರ, ಅಲ್ಟ್ರಾಸೌಂಡ್, ಸಿ.ಟಿ. ಸ್ಕ್ಯಾನರ್ ಮತ್ತು ಎಂ.ಆರ್.ಐ. ಎಂಬ ನಾಲ್ಕರಲ್ಲಿ ಕೊನೆಯ ಎರಡು ಕೋಟಿಗಳ ಲೆಕ್ಕದವು. ಸಾಲ ನೀಡುವ ಬ್ಯಾಂಕು ಯಂತ್ರದ ತಯಾರಕರು ಯಾರು, ಮಾದರಿ ಯಾವುದು, ಬೆಲೆ ಎಷ್ಟು, ದಿನಕ್ಕೆ ಎಷ್ಟು ಸ್ಕ್ಯಾನ್ ಆಗಬಹುದು ಎಂಬುದನ್ನೆಲ್ಲ ಕೇಳುತ್ತದೆ. ಆ ಯಂತ್ರವು ತೆಗೆಯುವ ಚಿತ್ರಗಳಲ್ಲಿ ಎಷ್ಟು ವೈದ್ಯರ ನಿರ್ಧಾರಕ್ಕೆ ನಿಜವಾಗಿ ನೆರವಾಗುತ್ತವೆ ಎಂಬ ಪ್ರಶ್ನೆಗೆ ಮಾತ್ರ ಆ ನಮೂನೆಗಳಲ್ಲಿ ಕಾಲಂ ಇರುವುದಿಲ್ಲ.

ವಾಣಿಜ್ಯ ಸಂಸ್ಥೆಯ ಪತ್ರಿಕೆಯಲ್ಲಿ ವೈದ್ಯಕೀಯ ವಿಷಯವೇಕೆ ಎಂದು ಕೆಲವು ಓದುಗರು ಕೇಳಬಹುದು. ನಮ್ಮ ಸದಸ್ಯರಲ್ಲಿ ಈ ವಿಷಯಕ್ಕೆ ಸಂಬಂಧಿಸಿದವರು ಮೂರು ಬಗೆಯವರಿದ್ದಾರೆ. ಆಸ್ಪತ್ರೆ ಮತ್ತು ರೋಗನಿರ್ಣಯ ಕೇಂದ್ರಗಳ ಮಾಲೀಕರು ಒಂದು ಬಗೆ. ಉಪಕರಣಗಳನ್ನು ಮಾರುವ, ದುರಸ್ತಿ ಮಾಡುವ ವ್ಯಾಪಾರಿಗಳು ಇನ್ನೊಂದು ಬಗೆ. ನೌಕರರ ಆರೋಗ್ಯ ವಿಮೆಯ ಕಂತನ್ನೂ ವಾರ್ಷಿಕ ಆರೋಗ್ಯ ತಪಾಸಣೆಯ ವೆಚ್ಚವನ್ನೂ ಭರಿಸುವ ಕಾರ್ಖಾನೆ ಮತ್ತು ಕಂಪನಿಗಳ ಮಾಲೀಕರು ಮೂರನೆಯವರು. ಈ ಮೂವರೂ ಎಣಿಸುವುದು ಸ್ಕ್ಯಾನುಗಳ ಸಂಖ್ಯೆಯನ್ನು. ಎಣಿಸಬೇಕಾದದ್ದು ಉಪಯುಕ್ತ ವರದಿಗಳ ಸಂಖ್ಯೆಯನ್ನು. ಈ ಎರಡು ಲೆಕ್ಕಗಳ ನಡುವಿನ ಅಂತರವು ಎಲ್ಲಿಂದ ಹುಟ್ಟುತ್ತದೆ, ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಉತ್ತಮ ಚಿತ್ರವೆಂದರೇನು?

ವಿಲ್ಹೆಲ್ಮ್ ರಾಂಟ್ಜೆನ್ 1895ರ ನವೆಂಬರ್ 8ರಂದು ಕ್ಷ-ಕಿರಣಗಳನ್ನು ಕಂಡುಹಿಡಿದ ನಂತರ ಸುಮಾರು ಮುಕ್ಕಾಲು ಶತಮಾನ ಕಾಲ ದೇಹದ ಒಳಗಿನ ಚಿತ್ರವೆಂದರೆ ನೆರಳಿನ ಚಿತ್ರವೇ ಆಗಿತ್ತು. ಎಲುಬು, ಹೃದಯ, ಶ್ವಾಸಕೋಶ ಎಲ್ಲವೂ ಒಂದರ ಮೇಲೊಂದು ಬಿದ್ದ ನೆರಳು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರವು ಮೊದಲ ರೋಗಿಯ ಮಿದುಳನ್ನು ಹೋಳುಹೋಳಾಗಿ ತೋರಿಸಿದಾಗ ಆ ಮಿತಿ ಮುರಿಯಿತು. ಆ ಯಂತ್ರವನ್ನು ತಯಾರಿಸಿದ ಇ.ಎಂ.ಐ. ಕಂಪನಿಯನ್ನು ನಮ್ಮ ಹಿರಿಯ ಓದುಗರು ಗ್ರಾಮಫೋನ್ ತಟ್ಟೆಗಳಿಂದ ಬಲ್ಲರು. ಅನಂತರದ ಪೈಪೋಟಿ ಹೋಳುಗಳ ಸಂಖ್ಯೆಯದು. 1998ರ ಸುಮಾರಿಗೆ ಒಂದು ಸುತ್ತಿಗೆ 4 ಹೋಳುಗಳು, 2004ರ ಸುಮಾರಿಗೆ 64, 2007ರ ಹೊತ್ತಿಗೆ 320. ಮಾರಾಟಗಾರರು ಇಂದಿಗೂ ಈ ಅಂಕಿಯನ್ನೇ ಮುಂದಿಟ್ಟು ಮಾತನಾಡುತ್ತಾರೆ. ಬಡಿಯುತ್ತಿರುವ ಹೃದಯದ ರಕ್ತನಾಳಗಳನ್ನು ನೋಡಬೇಕಾದಲ್ಲಿ ಹೆಚ್ಚಿನ ಹೋಳುಗಳು ಅಗತ್ಯವೇ ಸರಿ. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು, ಪಾರ್ಶ್ವವಾಯು ಪೀಡಿತರು, ಹೊಟ್ಟೆನೋವಿನವರು ಮುಖ್ಯವಾಗಿ ಬರುವ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ 16 ಹೋಳುಗಳ ಯಂತ್ರವನ್ನು ಸುಸ್ಥಿತಿಯಲ್ಲಿಟ್ಟುಕೊಳ್ಳುವುದೇ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ.

ಚಿತ್ರದ ಗುಣಮಟ್ಟ ನಿಂತಿರುವುದು ಮೂರು ಅಂಶಗಳ ಮೇಲೆ. ಸಣ್ಣ ವಿವರಗಳು ಬೇರೆಬೇರೆಯಾಗಿ ಕಾಣಬೇಕು, ಅಂಗಾಂಶಗಳ ನಡುವಿನ ಛಾಯಾಭೇದ ತಿಳಿಯಬೇಕು, ಚಿತ್ರದಲ್ಲಿ ಕಾಳುಕಾಳಾದ ಮಸುಕು ಕಡಿಮೆ ಇರಬೇಕು. ಮೂರನೆಯ ಅಂಶವೇ ವಿಕಿರಣದ ಪ್ರಮಾಣಕ್ಕೆ ನೇರವಾಗಿ ತಳಕು ಹಾಕಿಕೊಂಡಿದೆ. ಈ ಮಸುಕನ್ನು ಅರ್ಧಕ್ಕಿಳಿಸಬೇಕಾದರೆ, ಉಳಿದೆಲ್ಲವೂ ಹಾಗೆಯೇ ಇದ್ದಲ್ಲಿ, ವಿಕಿರಣವನ್ನು ನಾಲ್ಕು ಪಟ್ಟು ಹೆಚ್ಚಿಸಬೇಕಾಗುತ್ತದೆ. ಹೀಗಾಗಿ ‘ಅತ್ಯಂತ ಸುಂದರವಾದ ಚಿತ್ರ’ವು ರೋಗಿಗೆ ಅತ್ಯಂತ ದುಬಾರಿಯಾದ ಚಿತ್ರವೂ ಆಗಿರಬಹುದು. ವೈದ್ಯರ ಪ್ರಶ್ನೆಗೆ ಉತ್ತರ ಕೊಡುವಷ್ಟು ಸ್ಪಷ್ಟತೆ, ಅದಕ್ಕೆ ಬೇಕಾದಷ್ಟೇ ವಿಕಿರಣ: ಗುಣಮಟ್ಟದ ಅರ್ಥ ಇಷ್ಟೇ. ಮೂತ್ರಪಿಂಡದ ಕಲ್ಲನ್ನು ಹುಡುಕಲು ಕಡಿಮೆ ಪ್ರಮಾಣದ ಸಿ.ಟಿ. ಸಾಕು, ಏಕೆಂದರೆ ಕಲ್ಲು ಮಸುಕಿನ ನಡುವೆಯೂ ಬೆಳ್ಳಗೆ ಎದ್ದು ಕಾಣುತ್ತದೆ. ಯಕೃತ್ತಿನಲ್ಲಿರುವ ಸಣ್ಣ ಗಂಟಿಗೆ ಅಷ್ಟು ಸಾಲದು. ಎರಡಕ್ಕೂ ಒಂದೇ ಕ್ರಮವನ್ನು ಗುಂಡಿ ಒತ್ತಿ ಅನುಸರಿಸುವ ಕೇಂದ್ರಗಳು ನಮ್ಮಲ್ಲಿ ವಿರಳವಲ್ಲ.

ಡಿಜಿಟಲ್ ತಂತ್ರಜ್ಞಾನ ಬಂದ ನಂತರ ಒಂದು ವಿಚಿತ್ರ ಸಮಸ್ಯೆ ಹುಟ್ಟಿಕೊಂಡಿತು. ಫಿಲ್ಮಿನ ಕಾಲದಲ್ಲಿ ವಿಕಿರಣ ಹೆಚ್ಚಾದರೆ ಫಿಲ್ಮು ಕಪ್ಪಗಾಗುತ್ತಿತ್ತು. ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತಿತ್ತು. ಡಿಜಿಟಲ್ ಯಂತ್ರದಲ್ಲಿ ಹಾಗಾಗುವುದಿಲ್ಲ. ಹೆಚ್ಚು ವಿಕಿರಣ ಬಿದ್ದ ಚಿತ್ರವನ್ನು ಗಣಕವು ತಾನೇ ಸರಿಪಡಿಸಿ, ಇನ್ನಷ್ಟು ನಯವಾಗಿ ತೋರಿಸುತ್ತದೆ. ಕಡಿಮೆ ಬಿದ್ದರೆ ಮಾತ್ರ ಚಿತ್ರ ಕಾಳುಕಾಳಾಗಿ, ರೇಡಿಯಾಲಜಿಸ್ಟರಿಂದ ಆಕ್ಷೇಪ ಬರುತ್ತದೆ. ಬೈಸಿಕೊಳ್ಳಲು ಇಷ್ಟಪಡದ ತಂತ್ರಜ್ಞರು ತಿಳಿಯದಂತೆಯೇ ಪ್ರಮಾಣವನ್ನು ಏರಿಸುತ್ತ ಹೋಗುತ್ತಾರೆ. ಪ್ರತಿ ಚಿತ್ರದೊಂದಿಗೆ ಯಂತ್ರವು ದಾಖಲಿಸುವ ಪ್ರಮಾಣಸೂಚಿಯನ್ನು ತಿಂಗಳಿಗೊಮ್ಮೆ ತೆಗೆದು ನೋಡುವ ಅಭ್ಯಾಸವಿಲ್ಲದಿದ್ದರೆ ಈ ಏರಿಕೆ ಯಾರ ಗಮನಕ್ಕೂ ಬಾರದು.

ಪ್ರಮಾಣದ ಲೆಕ್ಕ

ಭೂಮಿಯ ಮೇಲೆ ವಾಸಿಸುವ ಮನುಷ್ಯನಿಗೆ ಮಣ್ಣು, ಗಾಳಿ, ಆಹಾರ, ಆಕಾಶಗಳಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್‌ನಷ್ಟು ನೈಸರ್ಗಿಕ ವಿಕಿರಣ ತಗಲುತ್ತದೆ. ಎದೆಯ ಕ್ಷ-ಕಿರಣ ಚಿತ್ರವೊಂದರಿಂದ ತಗಲುವುದು ಸುಮಾರು 0.1 ಅಥವಾ ಅದಕ್ಕಿಂತ ಕಡಿಮೆ. ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಸುಮಾರು 8ರಿಂದ 10 ಮಿಲಿಸೀವರ್ಟ್. ಅಂದರೆ ಒಂದು ಸಿ.ಟಿ.ಯು ನೂರರಷ್ಟು ಎದೆ ಚಿತ್ರಗಳಿಗೆ ಸಮ. ಅಲ್ಟ್ರಾಸೌಂಡ್ ಮತ್ತು ಎಂ.ಆರ್.ಐ.ಗಳಲ್ಲಿ ಈ ಬಗೆಯ ವಿಕಿರಣವಿಲ್ಲ.

ತುರ್ತು ರೋಗಿಗೆ ಮಾಡುವ ಒಂದು ಸಿ.ಟಿ.ಯಿಂದ ಆಗುವ ಅಪಾಯ ಅತ್ಯಲ್ಪ. ಪ್ರಯೋಜನ ಬಹಳ ದೊಡ್ಡದು. ಹೆದರಿ ಬೇಡವೆನ್ನುವುದು ಅವಿವೇಕ. ಆದರೆ ಅತ್ಯಲ್ಪವಾದದ್ದನ್ನು ಕೋಟಿಗಳಿಂದ ಗುಣಿಸಿದಾಗ ಚಿತ್ರ ಬದಲಾಗುತ್ತದೆ. ಅಮೆರಿಕದಲ್ಲಿ 2023ರಲ್ಲಿ ನಡೆದ ಸುಮಾರು 9.3 ಕೋಟಿ ಸಿ.ಟಿ. ಪರೀಕ್ಷೆಗಳಿಂದ ಮುಂದೆ ಲಕ್ಷದಷ್ಟು ಕ್ಯಾನ್ಸರ್ ಪ್ರಕರಣಗಳು ಉಂಟಾಗಬಹುದೆಂದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಇದು ಎಣಿಸಿ ನೋಡಿದ ಸಂಖ್ಯೆಯಲ್ಲ, ಗಣಿತದ ಮಾದರಿಯಿಂದ ಪಡೆದ ಅಂದಾಜು. ಹಾಗಿದ್ದರೂ, ಅಗತ್ಯವಿಲ್ಲದ ಒಂದೊಂದು ಸ್ಕ್ಯಾನನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬ ಮಾತಿಗೆ ಅದು ಬಲ ನೀಡುತ್ತದೆ.

ಯಂತ್ರವನ್ನು ನಂಬಿ ಕುಳಿತರೆ ಏನಾಗಬಹುದೆಂಬುದಕ್ಕೆ 2009ರಲ್ಲಿ ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ ಬೆಳಕಿಗೆ ಬಂದ ಪ್ರಕರಣವೇ ಸಾಕ್ಷಿ. ಪಾರ್ಶ್ವವಾಯು ಶಂಕಿತರಿಗೆ ಮಾಡುವ ಮಿದುಳಿನ ವಿಶೇಷ ಸಿ.ಟಿ.ಯ ಕ್ರಮವನ್ನು ಯಂತ್ರದಲ್ಲಿ ಬದಲಿಸುವಾಗ ಆದ ತಪ್ಪಿನಿಂದ, ಸುಮಾರು 18 ತಿಂಗಳ ಅವಧಿಯಲ್ಲಿ 206 ರೋಗಿಗಳಿಗೆ ನಿರೀಕ್ಷಿತ ಪ್ರಮಾಣದ ಎಂಟು ಪಟ್ಟು ವಿಕಿರಣ ತಗಲಿತು. ಯಂತ್ರ ಕೆಟ್ಟಿರಲಿಲ್ಲ. ಪ್ರಮಾಣದ ಅಂಕಿಯು ಪ್ರತಿ ಸ್ಕ್ಯಾನಿನಲ್ಲೂ ಪರದೆಯ ಮೇಲೆ ಮೂಡುತ್ತಲೇ ಇತ್ತು. ರೋಗಿಗಳ ತಲೆಗೂದಲು ಪಟ್ಟಿಯಾಕಾರದಲ್ಲಿ ಉದುರಿದ ಮೇಲೆ ವಿಷಯ ಹೊರಬಿತ್ತು. ಜಗತ್ತಿನ ಹೆಸರಾಂತ ಆಸ್ಪತ್ರೆಯಲ್ಲೇ ಹೀಗಾದರೆ, ರಾತ್ರಿ ಪಾಳಿಯಲ್ಲಿ ಒಬ್ಬನೇ ತಂತ್ರಜ್ಞನಿರುವ ನಮ್ಮ ತಾಲ್ಲೂಕು ಕೇಂದ್ರಗಳ ಸಂಗತಿಯನ್ನು ಓದುಗರೇ ಊಹಿಸಬಹುದು.

ಕಾನೂನಿನ ಚೌಕಟ್ಟು

ನಮ್ಮ ದೇಶದಲ್ಲಿ ಕ್ಷ-ಕಿರಣ ಉಪಕರಣಗಳ ನಿಯಂತ್ರಣವು 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಸೇರಿದೆ. 2004ರ ವಿಕಿರಣ ರಕ್ಷಣಾ ನಿಯಮಗಳೂ, 2016ರಲ್ಲಿ ಪರಿಷ್ಕೃತವಾದ ಮಂಡಳಿಯ ಸುರಕ್ಷತಾ ಸಂಹಿತೆಯೂ ಈ ನಿಯಂತ್ರಣಕ್ಕೆ ಸ್ಪಷ್ಟ ರೂಪ ಕೊಟ್ಟವು. ಸಿ.ಟಿ. ಯಂತ್ರಕ್ಕೆ ಪರವಾನಗಿ, ಸಾಮಾನ್ಯ ಕ್ಷ-ಕಿರಣ ಯಂತ್ರಕ್ಕೆ ನೋಂದಣಿ, ಕೊಠಡಿಯ ನಕ್ಷೆಗೆ ಒಪ್ಪಿಗೆ, ಸಿಬ್ಬಂದಿಗೆ ವಿಕಿರಣಮಾಪಕ ಬಿಲ್ಲೆ, ಒಬ್ಬ ವಿಕಿರಣ ಸುರಕ್ಷತಾ ಅಧಿಕಾರಿ ಮತ್ತು ಎರಡು ವರ್ಷಕ್ಕೊಮ್ಮೆ ಯಂತ್ರದ ಗುಣಮಟ್ಟ ಪರೀಕ್ಷೆ ಅವುಗಳ ಮುಖ್ಯ ಅಂಶಗಳು.

ಕಾಗದದ ಮೇಲಿನ ನಿಯಮಕ್ಕೂ ನೆಲದ ಮೇಲಿನ ಸ್ಥಿತಿಗೂ ಇದ್ದ ದೂರವನ್ನು ಮಹಾಲೇಖಪಾಲರು 2012ರ ತಮ್ಮ ವರದಿಯಲ್ಲಿ ತೋರಿಸಿದರು. ದೇಶದ 57,443 ವೈದ್ಯಕೀಯ ಕ್ಷ-ಕಿರಣ ಘಟಕಗಳಲ್ಲಿ ಆಗ ನೋಂದಣಿಯಾಗಿದ್ದವು 5,270 ಮಾತ್ರ, ಉಳಿದ ಶೇ. 91ರಷ್ಟು ನಿಯಂತ್ರಣದ ಹೊರಗಿದ್ದವು. ಆ ವರದಿಯ ನಂತರ ನೋಂದಣಿ ಚುರುಕಾಯಿತು, ಇ-ಲೋರಾ ಎಂಬ ವ್ಯವಸ್ಥೆಯ ಮೂಲಕ ಅರ್ಜಿಗಳೆಲ್ಲ ಅಂತರಜಾಲಕ್ಕೆ ಬಂದವು. ನೋಂದಣಿಯಿಲ್ಲದ ಯಂತ್ರವನ್ನು ಅಗ್ಗವೆಂದು ಕೊಂಡವರು ಈಗ ಸಿಕ್ಕಿಬೀಳುವ ಸಾಧ್ಯತೆ ಹಿಂದಿಗಿಂತ ಬಹಳ ಹೆಚ್ಚು.

ಅಲ್ಟ್ರಾಸೌಂಡಿಗೆ ವಿಕಿರಣದ ನಿಯಮಗಳಿಲ್ಲದಿದ್ದರೂ ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯಿದೆ ಅನ್ವಯಿಸುತ್ತದೆ. 2003ರಲ್ಲಿ ಬಿಗಿಗೊಂಡ ಈ ಕಾಯಿದೆಯ ಪ್ರಕಾರ ನೋಂದಣಿಯಿಲ್ಲದ ಕೇಂದ್ರಕ್ಕೆ ಯಂತ್ರ ಮಾರುವುದೂ ಅಪರಾಧ. ವ್ಯಾಪಾರಿ ಸದಸ್ಯರು ಇದನ್ನು ಮರೆಯಬಾರದು.

ಆದರೆ ಎರಡು ವರ್ಷಕ್ಕೊಮ್ಮೆ ಮಾಡುವ ಪರೀಕ್ಷೆಯು ಕನಿಷ್ಠ ಮಟ್ಟ. ಪರೀಕ್ಷೆಯಾದ ಮರುತಿಂಗಳೇ ಯಂತ್ರ ಹಾದಿ ತಪ್ಪಬಹುದು. ಸಿ.ಟಿ. ಮಾಪನದಲ್ಲಿ ನೀರಿನ ಬೆಲೆ ಸೊನ್ನೆ, ಗಾಳಿಯದು ಋಣ 1000. ಹೌನ್ಸ್‌ಫೀಲ್ಡರ ಹೆಸರಿನ ಈ ಅಳತೆಗೋಲು ಜಗತ್ತಿನ ಎಲ್ಲ ಯಂತ್ರಗಳಿಗೂ ಒಂದೇ. ಪ್ರತಿದಿನ ಬೆಳಿಗ್ಗೆ ನೀರು ತುಂಬಿದ ಪರೀಕ್ಷಾ ಬಿಂಬವನ್ನು ಸ್ಕ್ಯಾನ್ ಮಾಡಿ ಅಂಕಿ ಸೊನ್ನೆಯ ಆಸುಪಾಸಿನಲ್ಲಿದೆಯೇ ಎಂದು ಪುಸ್ತಕದಲ್ಲಿ ಬರೆದಿಡಲು ಹತ್ತು ನಿಮಿಷ ಸಾಕು. ಅಂಗಡಿಯವನು ಬೆಳಿಗ್ಗೆ ತಕ್ಕಡಿಯ ಮುಳ್ಳು ನೋಡುವುದಕ್ಕಿಂತ ಇದು ಹೆಚ್ಚಿನ ಕೆಲಸವೇನಲ್ಲ. ಆಸ್ಪತ್ರೆಯ ಮಾಲೀಕರು ಈ ಪುಸ್ತಕವನ್ನು ಎಂದಾದರೂ ತರಿಸಿ ನೋಡಿದ್ದಾರೆಯೇ?

ಕಂತಿನ ಒತ್ತಡ

ಇನ್ನು ಹಣದ ವಿಷಯ. ಕೆಳಗಿನ ಅಂಕಿಗಳು ವಿವರಣೆಗಾಗಿ ಹಾಕಿಕೊಂಡವು. ಓದುಗರು ತಮ್ಮ ಊರಿನ ದರಗಳನ್ನು ಹಾಕಿ ನೋಡಿಕೊಳ್ಳಬಹುದು.

ತೆರಿಗೆ ಸಹಿತ 2 ಕೋಟಿ ರೂ. ಬೆಲೆಯ ಸಿ.ಟಿ. ಯಂತ್ರಕ್ಕೆ ಶೇ. 10ರ ಬಡ್ಡಿಯಲ್ಲಿ ಏಳು ವರ್ಷದ ಸಾಲ ಪಡೆದರೆ ಮಾಸಿಕ ಕಂತು ಸುಮಾರು 3.32 ಲಕ್ಷ ರೂ. ಬಿಡಿಭಾಗ ಸಹಿತ ನಿರ್ವಹಣಾ ಒಪ್ಪಂದಕ್ಕೆ ಬೆಲೆಯ ಶೇ. 6ರಂತೆ ವರ್ಷಕ್ಕೆ 12 ಲಕ್ಷ, ಅದರ ಮೇಲೆ ಶೇ. 18ರ ತೆರಿಗೆ ಸೇರಿ ತಿಂಗಳಿಗೆ 1.18 ಲಕ್ಷ. ಸಿಬ್ಬಂದಿಗೆ 1.50 ಲಕ್ಷ, ವಿದ್ಯುತ್ತು ಮತ್ತು ಹವಾನಿಯಂತ್ರಣಕ್ಕೆ 60 ಸಾವಿರ. ಒಟ್ಟು ಸ್ಥಿರ ವೆಚ್ಚ ತಿಂಗಳಿಗೆ 6.60 ಲಕ್ಷ ರೂ. ಒಂದು ಸ್ಕ್ಯಾನಿಗೆ ರೋಗಿಯಿಂದ ಪಡೆಯುವುದು 3,000 ರೂ.; ಅದರಲ್ಲಿ ವರದಿ ಬರೆಯುವವರಿಗೆ 600, ಇತರ ಸಾಮಗ್ರಿಗೆ 400 ಹೋಗಿ ಉಳಿಯುವುದು 2,000. ಹಾಗಾದರೆ ನಷ್ಟವಿಲ್ಲದೆ ನಡೆಯಲು ತಿಂಗಳಿಗೆ 330 ಸ್ಕ್ಯಾನ್ ಬೇಕು. ದಿನಕ್ಕೆ ಹನ್ನೊಂದು. ಒಳ್ಳೆಯ ಜಿಲ್ಲಾ ಕೇಂದ್ರದಲ್ಲಿ ಇದು ಅಸಾಧ್ಯವಲ್ಲ.

ಈಗ ರೋಗಿಯನ್ನು ಕಳುಹಿಸಿದ ವೈದ್ಯರಿಗೆ ಶೇ. 20 ‘ಕಮಿಷನ್’ ಕೊಡುವ ಪದ್ಧತಿಯನ್ನು ಈ ಲೆಕ್ಕಕ್ಕೆ ಸೇರಿಸೋಣ. ಪ್ರತಿ ಸ್ಕ್ಯಾನಿನಲ್ಲಿ 600 ರೂ. ಹೋಗುತ್ತದೆ, ಉಳಿಯುವುದು 1,400. ಬೇಕಾಗುವ ಸ್ಕ್ಯಾನುಗಳು 472. ಯಂತ್ರ ಅದೇ, ಊರು ಅದೇ, ಊರಿನ ಕಾಯಿಲೆಗಳೂ ಅಷ್ಟೇ. ಆದರೆ ಕಂತು ಕಟ್ಟಲು ಪ್ರತಿ ತಿಂಗಳೂ 142 ಹೆಚ್ಚುವರಿ ರೋಗಿಗಳು ಯಂತ್ರದೊಳಗೆ ಹೋಗಿಬರಬೇಕು. ಇವರು ಎಲ್ಲಿಂದ ಬರುತ್ತಾರೆ? ತಲೆನೋವಿನವರು, ಸೊಂಟನೋವಿನವರು, ‘ಒಮ್ಮೆ ನೋಡಿಬಿಡೋಣ’ ಎನ್ನುವವರು. ಕಮಿಷನ್ ಪಡೆಯುವ ವೈದ್ಯರಿಗೆ ಅವರನ್ನು ಕಳುಹಿಸಲು ಕಾರಣವೂ ಸಿದ್ಧವಾಗಿರುತ್ತದೆ. ಪರಸ್ಪರ ಪೈಪೋಟಿಯಲ್ಲಿರುವ ಎರಡು ಕೇಂದ್ರಗಳಲ್ಲಿ ಒಂದು ಕಮಿಷನ್ ಆರಂಭಿಸಿದರೆ ಇನ್ನೊಂದಕ್ಕೂ ಅದು ಅನಿವಾರ್ಯವಾಗುತ್ತದೆ; ಕೊನೆಗೆ ಇಬ್ಬರ ಲಾಭವೂ ಕರಗುತ್ತದೆ.

ಇದು ಕಲ್ಪನೆಯಲ್ಲ. 2017ರ ಕೊನೆಯಲ್ಲಿ ಬೆಂಗಳೂರಿನ ಕೆಲವು ರೋಗನಿರ್ಣಯ ಕೇಂದ್ರಗಳ ಮೇಲೆ ಆದಾಯ ತೆರಿಗೆ ಇಲಾಖೆ ನಡೆಸಿದ ಶೋಧದ ನಂತರ, ವೈದ್ಯರಿಗೆ ಎಂ.ಆರ್.ಐ.ಗೆ ಸಾಮಾನ್ಯವಾಗಿ ಶೇ. 35, ಸಿ.ಟಿ. ಮತ್ತು ಪ್ರಯೋಗಾಲಯ ಪರೀಕ್ಷೆಗಳಿಗೆ ಶೇ. 20ರಷ್ಟು ಹಣ ಸಂದಾಯವಾಗುತ್ತಿತ್ತೆಂದು ಇಲಾಖೆಯೇ ಪ್ರಕಟಿಸಿತು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನೀತಿ ನಿಯಮಗಳು ಇಂಥ ಕಮಿಷನ್ನನ್ನು ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿದ್ದವು. ನಿಯಮವಿದ್ದೂ ಪದ್ಧತಿ ಬೇರೂರಿದ್ದು ಏಕೆಂಬುದಕ್ಕೆ ಮೇಲಿನ ಲೆಕ್ಕವೇ ಉತ್ತರ. ಊರಿನ ಅಗತ್ಯಕ್ಕಿಂತ ದೊಡ್ಡ ಯಂತ್ರವನ್ನು ಸಾಲದಲ್ಲಿ ತಂದ ದಿನವೇ ಅದು ಮೊಳೆಯುತ್ತದೆ.

ಕಂಡದ್ದೆಲ್ಲ ಕಾಯಿಲೆಯಲ್ಲ

ಸೊಂಟನೋವಿಗೆ ಎಂ.ಆರ್.ಐ. ಮಾಡಿಸುವುದು ಈಗ ಸಾಮಾನ್ಯ. ನೋವಿಲ್ಲದ 3,110 ಜನರ ಚಿತ್ರಗಳನ್ನು ಒಳಗೊಂಡ 33 ಅಧ್ಯಯನಗಳ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಯಾವ ನೋವೂ ಇಲ್ಲದ 20ರ ಹರೆಯದವರಲ್ಲಿ ಶೇ. 37, 80ರ ವಯಸ್ಸಿನವರಲ್ಲಿ ಶೇ. 96 ಮಂದಿಗೆ ಬೆನ್ನೆಲುಬಿನ ನಡುವಣ ಬಿಲ್ಲೆಗಳು ಸವೆದಿರುವುದು ಅದರಲ್ಲಿ ಕಂಡುಬಂದಿತು. ತಲೆಗೂದಲು ನರೆತಂತೆ ಇದೂ ವಯಸ್ಸಿನ ಗುರುತು. ಆದರೆ ನೋವಿದ್ದಾಗ ಅದೇ ಚಿತ್ರ ಕೈಗೆ ಬಂದರೆ ಅದನ್ನೇ ಕಾರಣವೆಂದು ಭಾವಿಸುವುದು ಸಹಜ; ಅಲ್ಲಿಂದ ಚುಚ್ಚುಮದ್ದು, ಕೆಲವೊಮ್ಮೆ ಶಸ್ತ್ರಚಿಕಿತ್ಸೆ. ಕಾಲಿನ ಬಲ ಕುಂದುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರ, ಹಿಂದೆ ಕ್ಯಾನ್ಸರ್ ಇದ್ದುದು ಮುಂತಾದ ಅಪಾಯ ಸೂಚನೆಗಳಿಲ್ಲದಿದ್ದರೆ ಮೊದಲ ಆರು ವಾರ ಚಿತ್ರಣ ಬೇಡವೆಂದು ವೈದ್ಯ ಸಂಘಟನೆಗಳು ಸಲಹೆ ನೀಡಿವೆ.

ನೌಕರರಿಗೆ ಆರೋಗ್ಯ ತಪಾಸಣೆಯ ‘ಪ್ಯಾಕೇಜ್’ ಕೊಳ್ಳುವ ಸದಸ್ಯರು ದಕ್ಷಿಣ ಕೊರಿಯದ ಅನುಭವವನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿ 1999ರಲ್ಲಿ ಸರ್ಕಾರವು ಕೆಲವು ಕ್ಯಾನ್ಸರುಗಳ ರಾಷ್ಟ್ರೀಯ ತಪಾಸಣೆ ಆರಂಭಿಸಿತು. ಥೈರಾಯ್ಡ್ ಅದರಲ್ಲಿ ಸೇರಿರಲಿಲ್ಲ. ಆದರೆ ಆಸ್ಪತ್ರೆಗಳು ಅಲ್ಪ ಶುಲ್ಕಕ್ಕೆ ಕತ್ತಿನ ಅಲ್ಟ್ರಾಸೌಂಡನ್ನೂ ಸೇರಿಸಿ ಕೊಡತೊಡಗಿದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣವು 1993ರ ಹದಿನೈದು ಪಟ್ಟಾಯಿತು. ಅದೊಂದೇ ವರ್ಷ 40,000ಕ್ಕೂ ಹೆಚ್ಚು ಜನರಿಗೆ ಕ್ಯಾನ್ಸರಿದೆಯೆಂದು ಹೇಳಲಾಯಿತು. ಆ ಕಾಯಿಲೆಯಿಂದ ಸಾಯುವವರ ಪ್ರಮಾಣ ಮಾತ್ರ ಹಿಂದೆ ಎಷ್ಟಿತ್ತೋ ಅಷ್ಟೇ ಉಳಿಯಿತು. ಅಂದರೆ ಪತ್ತೆಯಾದವುಗಳಲ್ಲಿ ಬಹುಪಾಲು ಎಂದೂ ತೊಂದರೆ ಕೊಡದೆ ಇರುತ್ತಿದ್ದ ಸಣ್ಣ ಗಂಟುಗಳು. ಆದರೂ ಬಹುತೇಕ ಎಲ್ಲರಿಗೂ ಶಸ್ತ್ರಚಿಕಿತ್ಸೆ ನಡೆಯಿತು. ಹೆಚ್ಚಿನವರು ಜೀವನಪರ್ಯಂತ ಹಾರ್ಮೋನು ಮಾತ್ರೆಗೆ ಕಟ್ಟುಬಿದ್ದರು. ಕೆಲವರ ಧ್ವನಿ ಹೋಯಿತು. 2014ರಲ್ಲಿ ವೈದ್ಯರ ಗುಂಪೊಂದು ಬಹಿರಂಗವಾಗಿ ಎಚ್ಚರಿಸಿದ ಮೇಲೆ ಶಸ್ತ್ರಚಿಕಿತ್ಸೆಗಳು ಒಂದೇ ವರ್ಷದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಕುಸಿದವು.

ನಮ್ಮ ಊರುಗಳ ‘ಚಿನ್ನ’, ‘ವಜ್ರ’ ಹೆಸರಿನ ಪ್ಯಾಕೇಜುಗಳಲ್ಲಿಯೂ ಇದೇ ತರ್ಕವಿದೆ. ಹೆಚ್ಚು ಸ್ಕ್ಯಾನ್ ಎಂದರೆ ಹೆಚ್ಚು ಕಾಳಜಿ ಎಂದು ನೌಕರರೂ ನಂಬುತ್ತಾರೆ, ಮಾಲೀಕರೂ ನಂಬುತ್ತಾರೆ. ರಕ್ತದೊತ್ತಡ, ಸಕ್ಕರೆ, ಕಣ್ಣು, ದೂಳಿನ ಕೆಲಸವಿರುವಲ್ಲಿ ಶ್ವಾಸಕೋಶದ ಸಾಮರ್ಥ್ಯ ಮತ್ತು ಎದೆಯ ಚಿತ್ರ: ಇವುಗಳಿಗೆ ವೆಚ್ಚ ಮಾಡಿದ ಹಣ ಸಾರ್ಥಕ. ಲಕ್ಷಣವಿಲ್ಲದವರಿಗೆ ಇಡೀ ದೇಹದ ಸ್ಕ್ಯಾನ್ ಕೊಡಿಸುವುದು ಉಡುಗೊರೆಯಲ್ಲ.

ನಿರ್ವಹಣೆ

ಯಂತ್ರ ಕೊಳ್ಳುವಾಗ ಚೌಕಾಸಿಗೆ ತೋರುವ ಉತ್ಸಾಹವು ನಿರ್ವಹಣಾ ಒಪ್ಪಂದವನ್ನು ಓದುವಾಗ ಕಾಣುವುದಿಲ್ಲ. ‘ಶೇ. 95 ಚಾಲನಾ ಖಾತರಿ’ ಎಂಬ ಸಾಲು ಎಲ್ಲ ಒಪ್ಪಂದಗಳಲ್ಲೂ ಇರುತ್ತದೆ. ವರ್ಷಕ್ಕೆ ಶೇ. 5 ಎಂದರೆ 18 ದಿನ. ಆ ಹದಿನೆಂಟು ದಿನವೂ ಒಟ್ಟಿಗೆ ಬಂದರೆ ಒಪ್ಪಂದ ಮುರಿದಂತಾಗುವುದಿಲ್ಲ. ದೂರು ಕೊಟ್ಟ ಗಂಟೆಯಿಂದ ಲೆಕ್ಕವೋ, ಎಂಜಿನಿಯರ್ ಬಂದು ನೋಡಿದ ಗಂಟೆಯಿಂದಲೋ? ಯಂತ್ರ ಚಾಲನೆಯಲ್ಲಿದ್ದು ಚಿತ್ರದಲ್ಲಿ ಉಂಗುರಾಕಾರದ ದೋಷ ಮೂಡುತ್ತಿದ್ದರೆ ಅದು ‘ಚಾಲನೆ’ಯೇ? ಕ್ಷ-ಕಿರಣ ನಳಿಗೆಯು ಒಪ್ಪಂದದೊಳಗಿದೆಯೇ ಹೊರಗೇ? ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವು.

ತೆರಿಗೆಯ ಅಂಶವೊಂದುಂಟು. ಆಸ್ಪತ್ರೆಯ ಚಿಕಿತ್ಸಾ ಮತ್ತು ರೋಗನಿರ್ಣಯ ಸೇವೆಗಳಿಗೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇರುವುದರಿಂದ ಹೂಡುವಳಿ ತೆರಿಗೆಯ ಜಮೆ ದೊರೆಯದು. ಯಂತ್ರದ ಮೇಲಿನ ತೆರಿಗೆ ಪೂರ್ತಿಯಾಗಿ ಆಸ್ಪತ್ರೆಯ ವೆಚ್ಚವೇ. 2025ರ ಸೆಪ್ಟೆಂಬರ್ 22ರಿಂದ ವೈದ್ಯಕೀಯ ಉಪಕರಣಗಳ ದರ ಶೇ. 12ರಿಂದ 5ಕ್ಕೆ ಇಳಿದದ್ದು ಸ್ವಾಗತಾರ್ಹ. ನಿರ್ವಹಣಾ ಸೇವೆಯ ದರ ಮಾತ್ರ ಶೇ. 18ರಲ್ಲೇ ಉಳಿಯಿತು. ಹೊಸದನ್ನು ಕೊಳ್ಳುವುದಕ್ಕೆ ರಿಯಾಯಿತಿ, ಇದ್ದದ್ದನ್ನು ಸುಸ್ಥಿತಿಯಲ್ಲಿಡುವುದಕ್ಕೆ ಪೂರ್ಣ ತೆರಿಗೆ. ವಾಣಿಜ್ಯ ಸಂಸ್ಥೆಗಳು ಸರ್ಕಾರಕ್ಕೆ ಸಲ್ಲಿಸುವ ಮನವಿಗಳಲ್ಲಿ ಇದಕ್ಕೆ ಸ್ಥಾನವಿರಬೇಕು.

ಎಂ.ಆರ್.ಐ. ವಿಷಯದಲ್ಲಿ ನಿರ್ವಹಣೆಗೆ ಸುರಕ್ಷತೆಯೂ ಸೇರುತ್ತದೆ. ಅದರ ಅಯಸ್ಕಾಂತವು ಋಣ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ತಂಪಾಗಿದ್ದು, ಸ್ಕ್ಯಾನ್ ನಡೆಯುತ್ತಿರಲಿ ಬಿಡಲಿ, ವಿದ್ಯುತ್ ಹೋಗಿರಲಿ ಬಿಡಲಿ, ಸದಾ ಸೆಳೆಯುತ್ತಿರುತ್ತದೆ. ಇದನ್ನು ತಿಳಿಯದೆ 2018ರ ಜನವರಿಯಲ್ಲಿ ಮುಂಬೈಯ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಯೊಬ್ಬರು ಆಮ್ಲಜನಕದ ಸಿಲಿಂಡರನ್ನು ಕೊಠಡಿಯೊಳಗೆ ಕೊಂಡೊಯ್ದು ಪ್ರಾಣ ಕಳೆದುಕೊಂಡರು. ಬಾಗಿಲಲ್ಲಿ ತರಬೇತಿ ಪಡೆದ ಒಬ್ಬ ವ್ಯಕ್ತಿಯನ್ನು ನಿಲ್ಲಿಸುವ ಸಂಬಳವನ್ನು ಉಳಿತಾಯವೆಂದು ಯಾರೂ ಬಗೆಯಬಾರದು.

ವರದಿ ಬರೆಯುವವರು

ಚಿತ್ರವು ಸಾಮಗ್ರಿ ಮಾತ್ರ, ಸರಕು ವರದಿ. ರೇಡಿಯಾಲಜಿಸ್ಟರ ಕೊರತೆಯಿರುವ ಊರುಗಳಿಗೆ ದೂರಸಂಪರ್ಕದ ಮೂಲಕ ವರದಿ ತರಿಸುವ ಮಾರ್ಗ ತೆರೆದಿದೆ. ಈ ಕ್ಷೇತ್ರದಲ್ಲಿ ಬೆಂಗಳೂರಿಗೆ ಹಳೆಯ ಹೆಸರಿದೆ. 2002ರಲ್ಲಿ ಇಲ್ಲಿ ಆರಂಭವಾದ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಸಂಸ್ಥೆಯು ಅಮೆರಿಕದ ಆಸ್ಪತ್ರೆಗಳ ರಾತ್ರಿಯ ಸ್ಕ್ಯಾನುಗಳನ್ನು ನಮ್ಮ ಹಗಲಿನಲ್ಲಿ ಓದಿ ವರದಿ ಕಳುಹಿಸುವ ಉದ್ಯಮವನ್ನು ಕಟ್ಟಿತು. ಅದೇ ವಿದ್ಯೆ ನಮ್ಮ ಜಿಲ್ಲೆಗಳಿಗೂ ಒದಗುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಪರದೆಯ ಫೋಟೋ ಕಳುಹಿಸಿ ‘ಏನಾದರೂ ಇದೆಯೇ ಸಾರ್’ ಎಂದು ಕೇಳುವುದನ್ನು ದೂರ ರೇಡಿಯಾಲಜಿ ಎನ್ನಲಾಗದು. ನೂರಾರು ಹೋಳುಗಳ ಸ್ಕ್ಯಾನಿನಿಂದ ನಾಲ್ಕು ಹೋಳುಗಳನ್ನು ಆರಿಸುವವನು ತಂತ್ರಜ್ಞ. ಅವನು ಆರಿಸದಿದ್ದುದನ್ನು ತಜ್ಞರು ಕಾಣುವುದೇ ಇಲ್ಲ.

ವೈದ್ಯರು ಕೋರಿಕೆ ಚೀಟಿಯಲ್ಲಿ ಬರೆಯುವ ಒಂದು ಸಾಲಿಗೂ ವರದಿಯ ಗುಣಮಟ್ಟಕ್ಕೂ ನಿಕಟ ಸಂಬಂಧವಿದೆ. 2013ರ ಪ್ರಯೋಗವೊಂದರಲ್ಲಿ ಶ್ವಾಸಕೋಶದ ಗಂಟುಗಳನ್ನು ಹುಡುಕುವಂತೆ 24 ರೇಡಿಯಾಲಜಿಸ್ಟರಿಗೆ ಸಿ.ಟಿ. ಚಿತ್ರಗಳನ್ನು ಕೊಟ್ಟು, ಒಂದರಲ್ಲಿ ಗಂಟಿನ 48 ಪಟ್ಟು ದೊಡ್ಡದಾದ ಗೊರಿಲ್ಲಾ ಚಿತ್ರವನ್ನು ಸೇರಿಸಲಾಗಿತ್ತು. ಇಪ್ಪತ್ತು ಮಂದಿ ಅದನ್ನು ಗಮನಿಸಲೇ ಇಲ್ಲ. ತಜ್ಞರನ್ನು ನಗೆಗೀಡು ಮಾಡಲು ಇದನ್ನು ಹೇಳುತ್ತಿಲ್ಲ. ಮನುಷ್ಯನ ಕಣ್ಣು ತನಗೆ ಕೇಳಿದ ಪ್ರಶ್ನೆಯನ್ನೇ ನೋಡುತ್ತದೆ. ‘ಹೊಟ್ಟೆ ಸಿ.ಟಿ.’ ಎಂದಷ್ಟೇ ಬರೆದ ಚೀಟಿಗೆ ಬರುವ ವರದಿಯೂ ‘ಹೊಟ್ಟೆ’ಯ ಬಗೆಗಷ್ಟೇ ಇರುತ್ತದೆ. ಪ್ರಶ್ನೆಯಿಲ್ಲದ ಚೀಟಿಯನ್ನು ಹಿಂದಕ್ಕೆ ಕಳುಹಿಸುವ ಅಧಿಕಾರವನ್ನು ರೇಡಿಯಾಲಜಿಸ್ಟರಿಗೆ ಕೊಟ್ಟಿರುವ ಆಡಳಿತ ಮಂಡಳಿಗಳು ಬಹಳ ಕಡಿಮೆ.

ಗಣಕವೇ ಚಿತ್ರ ಓದುವ ತಂತ್ರಾಂಶಗಳೂ ಬಂದಿವೆ. ಕ್ಷಯರೋಗದ ತಪಾಸಣೆಗೆ ಎದೆಯ ಚಿತ್ರಗಳನ್ನು ಹೀಗೆ ಓದಿಸುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15 ವರ್ಷ ಮೇಲ್ಪಟ್ಟವರ ಮಟ್ಟಿಗೆ ಸಮ್ಮತಿ ನೀಡಿತು. ಚಿತ್ರವೇ ಓರೆಯಾಗಿದ್ದರೆ, ಉಸಿರು ಹಿಡಿಯದೆ ತೆಗೆದಿದ್ದರೆ, ತಂತ್ರಾಂಶಕ್ಕೂ ದಾರಿ ತಪ್ಪುತ್ತದೆ.

ಮರುಸ್ಕ್ಯಾನ್ ಎಂಬ ಸೋರಿಕೆ

ಕೊನೆಯದಾಗಿ, ಯಾವ ಲೆಕ್ಕಪುಸ್ತಕದಲ್ಲೂ ಕಾಣದ ಒಂದು ವೆಚ್ಚ. ಜಿಲ್ಲಾ ಕೇಂದ್ರದಲ್ಲಿ ಸಿ.ಟಿ. ಮಾಡಿಸಿಕೊಂಡ ರೋಗಿಯು ಬೆಂಗಳೂರು, ಹುಬ್ಬಳ್ಳಿ ಅಥವಾ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದಾಗ ಎಷ್ಟೋ ಬಾರಿ ಅದೇ ಸ್ಕ್ಯಾನ್ ಮತ್ತೆ ನಡೆಯುತ್ತದೆ. ದೊಡ್ಡ ಆಸ್ಪತ್ರೆಯ ದುರಾಸೆಯೇ ಎಲ್ಲ ಸಲವೂ ಇದಕ್ಕೆ ಕಾರಣವಲ್ಲ. ರೋಗಿಯ ಕೈಯಲ್ಲಿರುವುದು ಎರಡು ಫಿಲ್ಮು ಹಾಳೆಗಳ ಮೇಲೆ ಅಚ್ಚಾದ ಸಣ್ಣ ಚಿತ್ರಗಳು; ಶಸ್ತ್ರಚಿಕಿತ್ಸಕರಿಗೆ ಬೇಕಾದ ತೆಳುವಾದ ಹೋಳುಗಳು ಹಿಂದಿನ ಊರಿನ ಗಣಕದಲ್ಲಿ ಉಳಿದಿರುತ್ತವೆ, ಅಥವಾ ಜಾಗವಿಲ್ಲವೆಂದು ಅಳಿಸಿಹೋಗಿರುತ್ತವೆ. ರೋಗಿಗೆ ಎರಡು ಬಾರಿ ಹಣ, ಎರಡು ಬಾರಿ ವಿಕಿರಣ. ವಿಮೆ ಇದ್ದರೆ ಮುಂದಿನ ವರ್ಷದ ಕಂತಿನಲ್ಲಿ ಅವನ ಮಾಲೀಕರಿಗೂ ಪಾಲು.

ಎಲ್ಲ ತಯಾರಕರ ಯಂತ್ರಗಳೂ ಒಂದೇ ಭಾಷೆಯಲ್ಲಿ ಚಿತ್ರ ಕೊಡುವಂತೆ ಮಾಡುವ ಡೈಕಾಂ ಮಾನದಂಡ 1993ರಿಂದಲೇ ಜಾರಿಯಲ್ಲಿದೆ. ತಂತ್ರಜ್ಞಾನದ ಅಡ್ಡಿಯಿಲ್ಲ. ಆದರೆ ಬೆಲೆಪಟ್ಟಿಯಲ್ಲಿ ಚಿತ್ರಗಳ ಸಂಗ್ರಹ ವ್ಯವಸ್ಥೆ ಮತ್ತು ಹೊರಗಿನ ಆಸ್ಪತ್ರೆಗೆ ಕಳುಹಿಸುವ ಸೌಲಭ್ಯವನ್ನು ಮಾರಾಟಗಾರರು ಹೆಚ್ಚುವರಿ ಬಾಬ್ತುಗಳಾಗಿ ತೋರಿಸುತ್ತಾರೆ. ಚೌಕಾಸಿಯಲ್ಲಿ ಮೊದಲು ಹೊಡೆದುಹಾಕುವ ಸಾಲುಗಳೂ ಅವೇ. ಯಂತ್ರ ಕೊಳ್ಳುವ ದಿನ ಇವನ್ನು ಮೂಲ ಬೆಲೆಯೊಳಗೆ ಸೇರಿಸಿ ಕೇಳಿದರೆ ಬಹುತೇಕ ಮಾರಾಟಗಾರರು ಒಪ್ಪುತ್ತಾರೆ. ಯಂತ್ರ ಕೊಠಡಿಯಲ್ಲಿ ಕುಳಿತ ಮೇಲೆ ಕೇಳಿದರೆ ಬೆಲೆಯನ್ನು ನಿಗದಿ ಮಾಡುವವರು ಅವರೇ.